ಶುಚಿಯಾಗಿದ್ದಾನೆ, ಶಾಂತವಾಗಿದ್ದಾನೆ

ಮಂಡಳಿಯವರು ಬರುವ ದಿನ ಬೆಳಿಗ್ಗೆ ಕ್ಷೌರಿಕನು ತನ್ನ ಚರ್ಮದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಮನಸ್ಸಿನ ಕಾಯಿಲೆಯವರ ಆಸ್ಪತ್ರೆಗೆ ಹೋದನು. ಚೀಲದಲ್ಲಿ ಕತ್ತಿ, ಕತ್ತರಿ, ಬಾಚಣಿಗೆ, ಕನ್ನಡಿ, ಬ್ರಷ್ಷು, ಸಾಬೂನಿನ ಬಟ್ಟಲು, ಪಟಿಕದ ಕಲ್ಲು, ಎರಡು ಬಿಳಿ ಟವೆಲು ಇದ್ದವು. ಅವನ ಮಗ ಅಲ್ಲಿ ಒಂಬತ್ತು ದಿನದಿಂದ ಇದ್ದನು. ಮಗನನ್ನು ಇನ್ನೂ ಮೂರು ವಾರ ಅಲ್ಲೇ ಇಟ್ಟುಕೊಳ್ಳಬೇಕೋ, ಮನೆಗೆ ಕಳಿಸಬೇಕೋ ಎಂದು ಅವತ್ತು ಮಂಡಳಿಯ ಮೂರು ಜನ ದೊಡ್ಡವರು ಕೂತು ತೀರ್ಮಾನಿಸುವವರಿದ್ದರು.

ಮೂವತ್ತೆಂಟು ವರ್ಷ ಅಂಗಡಿ ನಡೆಸಿದ ಅವನಿಗೆ ಒಂದು ನಡವಳಿಕೆ ರಕ್ತದಲ್ಲಿ ಸೇರಿಹೋಗಿತ್ತು. ದೊಡ್ಡವರ ಮುಂದೆ ನಿಲ್ಲುವವನು ಗಡ್ಡ ಬೋಳಿಸಿಕೊಂಡು ನಿಲ್ಲಬೇಕು. ಕೋರ್ಟಿಗೆ ಹೋಗುವವರು, ಕೆಲಸ ಕೇಳಲು ಹೋಗುವವರು, ಮದುವೆಗೆ ಹೊರಟವರು, ಮುನಿಸಿಕೊಂಡು ಹೋದ ಹೆಂಡತಿಯನ್ನು ಕರೆತರಲು ಹೊರಟವರು, ಎಲ್ಲರೂ ಮೊದಲು ಅವನ ಕುರ್ಚಿಯಲ್ಲಿ ಕೂತೇ ಮುಂದಕ್ಕೆ ಹೋದವರು. ಸತ್ತವರ ಮುಖವನ್ನೂ ಅವನು ಬೋಳಿಸಿದ್ದುಂಟು. ದೇವರ ಮುಂದೆ ಹೋಗುವವನು ಹೇಗೆ ಬೇಕಾದರೆ ಹಾಗೆ ಹೋಗಬಾರದು ಎಂದು ಅವನು ನಂಬಿದ್ದನು. ಹೀಗಿರುವಾಗ ಹೆತ್ತ ಮಗನನ್ನು ಒಂಬತ್ತು ದಿನದ ಗಡ್ಡದಲ್ಲಿ ಮಂಡಳಿಯ ಮುಂದೆ ನಿಲ್ಲಿಸಲು ಅವನಿಂದ ಆದೀತೇ?

ಮಗನಿಗೆ ಮೂವತ್ತನಾಲ್ಕು ವರ್ಷ. ಕಿಟಕಿಗಳಿಗೆ ಗಾಜು ಕೂರಿಸುವ ಕೆಲಸ. ಅಳತೆಗೋಲು ಇಲ್ಲದೆ ಕಣ್ಣಂದಾಜಿನಲ್ಲೇ ಗಾಜು ಕೊಯ್ಯುತ್ತಿದ್ದ ಕೈ ಅದು. ಹನ್ನೊಂದು ವರ್ಷದಿಂದ ಕುಡಿಯುತ್ತಿದ್ದನು. ಕುಡಿಯದ ದಿನಗಳಲ್ಲಿ ಗೋಡೆಗೆ ಮುಖ ಮಾಡಿ ಮಲಗಿ, ಬದುಕಿ ಏನು ಮಾಡಬೇಕು ಎನ್ನುತ್ತಿದ್ದನು. ಕುಡಿತ ಮೊದಲೋ ಮನಸ್ಸಿನ ಕತ್ತಲೆ ಮೊದಲೋ ತಂದೆಗೆ ತಿಳಿಯದು. ಎರಡೂ ಒಂದೇ ಹಗ್ಗದ ಎಳೆಗಳಂತೆ ಹೊಸೆದುಕೊಂಡಿದ್ದವು. ಸರ್ಕಾರ ಮಾತ್ರ ಆ ಎಳೆಗಳನ್ನು ಬಿಡಿಸಿ ಎರಡು ಕಟ್ಟಡಗಳಲ್ಲಿ ಇಟ್ಟಿತ್ತು. ಮನಸ್ಸಿನ ಆಸ್ಪತ್ರೆ ಊರಿನ ಈ ತುದಿಯಲ್ಲಿ, ಚಟ ಬಿಡಿಸುವ ಕೇಂದ್ರ ಆ ತುದಿಯಲ್ಲಿ. ಮೊದಲು ಕುಡಿತ ಬಿಡಿಸಿಕೊಂಡು ಬನ್ನಿ, ಆಮೇಲೆ ಮನಸ್ಸನ್ನು ನೋಡೋಣ ಎಂದು ಆಸ್ಪತ್ರೆಯವರು ಹೇಳುತ್ತಿದ್ದರು. ಸಾಯುವ ಮಾತಾಡುವವನನ್ನು ನಾವು ಇಟ್ಟುಕೊಳ್ಳುವಂತಿಲ್ಲ, ಮೊದಲು ಮನಸ್ಸನ್ನು ಸರಿಮಾಡಿಸಿಕೊಂಡು ಬನ್ನಿ ಎಂದು ಕೇಂದ್ರದವರು ಹೇಳುತ್ತಿದ್ದರು. ಮೂರು ವರ್ಷ ಕ್ಷೌರಿಕನು ಆ ಎರಡು ಬಾಗಿಲುಗಳ ನಡುವೆ ಚಪ್ಪಲಿ ಸವೆಸಿದ್ದನು. ಕೊನೆಗೆ ಮಗ ನಿಜವಾಗಿಯೇ ಸಾಯಲು ಹೋಗಿ, ನೆರೆಯವರ ಕಣ್ಣಿಗೆ ಬಿದ್ದು ಉಳಿದುಕೊಂಡನು. ಆಗ ಆಸ್ಪತ್ರೆಯ ಬಾಗಿಲು ತೆರೆಯಿತು. ಅಷ್ಟು ದೂರ ಹೋದಮೇಲೆಯೇ ತೆರೆಯುವ ಬಾಗಿಲು ಅದು.

ವಾರ್ಡಿನ ದೊಡ್ಡ ನರ್ಸು ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಕತ್ತಿಯನ್ನು ಕಂಡು ಹುಬ್ಬೇರಿಸಿದಳು. ಒಳಗೆ ಬಿಡುವಂತಿಲ್ಲ ಎಂದಳು. ಕ್ಷೌರಿಕನು ಅಂಗಲಾಚಿದನು. ಕೊನೆಗೆ ಅವಳು ತಾನೇ ಪಕ್ಕದಲ್ಲಿ ನಿಲ್ಲುವೆನೆಂದೂ ಕೆಲಸ ಮುಗಿದ ಕೂಡಲೇ ಕತ್ತಿ ತನ್ನ ಕೈಗೆ ಬರಬೇಕೆಂದೂ ಷರತ್ತು ಹಾಕಿ ಒಪ್ಪಿದಳು.

ಅವನು ಮಗನನ್ನು ಕಿಟಕಿಯ ಬಳಿ ಕೂರಿಸಿ, ಕುತ್ತಿಗೆಗೆ ಟವೆಲು ಸುತ್ತಿ, ನೊರೆ ಹಚ್ಚಿದನು. ಹಚ್ಚುವಾಗ ಒಂದು ಕ್ಷಣ ಕೈ ನಿಂತಿತು. ಹತ್ತು ವರ್ಷದಿಂದ ಆ ಗಲ್ಲವನ್ನು ಅವನು ಮುಟ್ಟಿರಲಿಲ್ಲ. ಮೂಳೆಯ ಮೇಲೆ ಚರ್ಮ ಇಷ್ಟು ತೆಳ್ಳಗಾಗಿದೆ ಎಂದು ಕಣ್ಣಿಗೆ ತಿಳಿದಿರಲಿಲ್ಲ, ಬೆರಳಿಗೆ ತಿಳಿಯಿತು. ಮಗ ಕಣ್ಣು ಮುಚ್ಚಿಕೊಂಡು ಕೂತಿದ್ದನು. ಮುಗಿದಮೇಲೆ ಕನ್ನಡಿ ನೋಡಿ, ಮದುಮಗನ ಹಾಗೆ ಮಾಡಿಬಿಟ್ಟೆಯಲ್ಲಪ್ಪ ಎಂದು ನಕ್ಕನು.

ಪಕ್ಕದ ಹಾಸಿಗೆಯಲ್ಲಿ ಒಬ್ಬ ಬಸ್ಸಿನ ಡ್ರೈವರ್ ಇದ್ದನು. ನಿವೃತ್ತನಾಗಿ ನಾಲ್ಕು ವರ್ಷವಾಗಿತ್ತು. ಹಿಂದೆ ಮುಂದೆ ಯಾರೂ ಇಲ್ಲ. ಅವನೂ ಕುಡಿತದವನೇ, ಅವನೂ ಸಾಯಹೊರಟವನೇ. ಇಡೀ ವಾರ್ಡನ್ನು ನಗಿಸುವ ಬಾಯಿ ಅವನದು. ಮಗ ಅವನನ್ನು ಡ್ರೈವರ್ ಮಾವ ಎಂದೇ ಕರೆಯುತ್ತಿದ್ದನು.

“ನನ್ನ ಗಡ್ಡ ಏನು ಪಾಪ ಮಾಡಿದೆ, ಬೀಗರೇ?” ಎಂದು ಅವನು ಕೇಳಿದನು. “ಇವತ್ತು ನನ್ನದೂ ಇದೆ ಪರೀಕ್ಷೆ. ಇದು ಬಸ್ಸಿಗಿಂತ ಕಷ್ಟ ನೋಡಿ. ಸೀಟು ಖಾಲಿ ಇರುತ್ತೆ, ಕಂಡಕ್ಟರ್ ಮಾತ್ರ ಹತ್ತಿಸಲ್ಲ. ಹತ್ತಿಸಿದ್ರೂ ಮುಂದಿನ ಸ್ಟಾಪಲ್ಲೇ ಇಳಿಸ್ತಾನೆ.”

ಕ್ಷೌರಿಕನು ನಗುತ್ತ ಅವನಿಗೂ ನೊರೆ ಹಚ್ಚಿದನು. ಮೀಸೆಯನ್ನು ಕತ್ತರಿಯಲ್ಲಿ ಒಪ್ಪ ಮಾಡಿ, ಪಟಿಕದ ಕಲ್ಲು ತೀಡಿ, ಕೂದಲನ್ನು ನೀರಿನಲ್ಲಿ ಹಿಂದಕ್ಕೆ ಬಾಚಿದನು. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿ, ಯಾವ ಸಭೆಗೂ ಕಳಿಸಬಹುದು ಎಂದುಕೊಂಡು ದೇವರಿಗೆ ಮನಸ್ಸಿನಲ್ಲೇ ಕೈಮುಗಿದನು.

ಮಂಡಳಿಯಲ್ಲಿ ನಿವೃತ್ತ ನ್ಯಾಯಾಧೀಶರೊಬ್ಬರು, ಹೊರಗಿನಿಂದ ಬಂದ ವೈದ್ಯರೊಬ್ಬರು, ಸಮಾಜಸೇವೆಯ ಹೆಂಗಸೊಬ್ಬಳು ಇದ್ದರು. ಉದ್ದನೆಯ ಮೇಜು, ಮೇಲೆ ನೀರಿನ ಲೋಟಗಳು. ಮಗನನ್ನು ಇವತ್ತು ಯಾವ ವಾರ, ಇದು ಯಾವ ಜಾಗ, ಮನೆಗೆ ಹೋದರೆ ಏನು ಮಾಡುತ್ತೀ ಎಂದು ಕೇಳಿದರು. ಮಗ ನೆಟ್ಟಗೆ ಕೂತು ಎಲ್ಲಕ್ಕೂ ಸರಿಯಾದ ಉತ್ತರ ಕೊಟ್ಟನು. ಕುಡಿಯುವುದಿಲ್ಲ, ಸೋಮವಾರದಿಂದ ಕೆಲಸಕ್ಕೆ ಹೋಗುತ್ತೇನೆ, ಸಾಯುವ ಯೋಚನೆ ಈಗ ಇಲ್ಲ, ಮನೆಗೆ ಕಳಿಸಿಕೊಡಿ ಎಂದನು. ಹೇಳುವಾಗ ಅದನ್ನು ಅವನು ನಂಬಿಯೂ ಇದ್ದನು. ಒಂಬತ್ತು ದಿನ ಬಾಟಲಿ ಕಣ್ಣಿಗೆ ಬೀಳದಿದ್ದರೆ ಯಾರಿಗಾದರೂ ಅಷ್ಟು ಧೈರ್ಯ ಬರುತ್ತದೆ.

ತಂದೆಯನ್ನೂ ಕೇಳಿದರು. ಅವನು ಎದ್ದು ನಿಂತು, ದಯವಿಟ್ಟು ಇನ್ನಷ್ಟು ದಿನ ಇಟ್ಟುಕೊಳ್ಳಬೇಕೆಂದು ಬೇಡಿದನು. ನ್ಯಾಯಾಧೀಶರು ಸಾವಧಾನದ ಮನುಷ್ಯ. ಹಿಂದಿನ ಕಾಲದಲ್ಲಿ ಮನೆಯವರ ಒಂದು ಮಾತಿನ ಮೇಲೆ ಜನರನ್ನು ವರ್ಷಗಟ್ಟಲೆ ಕೂಡಿಹಾಕುತ್ತಿದ್ದರೆಂದೂ, ಅದನ್ನು ತಪ್ಪಿಸಲೆಂದೇ ಈ ಕಾನೂನು ಬಂದಿದೆಯೆಂದೂ, ತನ್ನ ಒಳಿತು ಕೆಡುಕು ತಿಳಿದವನನ್ನು ಅವನ ಇಷ್ಟಕ್ಕೆ ವಿರುದ್ಧವಾಗಿ ಇಟ್ಟುಕೊಳ್ಳಬಾರದೆಂದೂ ಬಿಡಿಸಿ ಹೇಳಿದರು.

“ನಿಮ್ಮ ಮಗನ ಬುದ್ಧಿ ಅವನ ಕೈಲೇ ಇದೆ, ಯಜಮಾನ್ರೇ. ನೋಡಿದ್ರೇನೇ ಗೊತ್ತಾಗುತ್ತೆ.”

“ಬುದ್ಧಿ ಅವನ ಕೈಲಿದೆ ಸ್ವಾಮಿ,” ಎಂದನು ಕ್ಷೌರಿಕ. “ಬಾಟ್ಲಿ ಎದುರು ಬಂದ್ರೆ ಆ ಕೈಯೇ ಅವನದಲ್ಲ.”

ಸಮಾಜಸೇವೆಯ ಹೆಂಗಸು ಪುಸ್ತಕ ತೆರೆದು, ಕುಡಿತದ ಚಟವೂ ಕಾನೂನಿನಲ್ಲಿ ಮನಸ್ಸಿನ ಕಾಯಿಲೆಗಳ ಸಾಲಿಗೇ ಸೇರಿದೆ ಎಂದು ಓದಿದಳು. ವೈದ್ಯರು ತಲೆಯಾಡಿಸಿ, ಸೇರಿದೆ ನಿಜ, ಆದರೆ ಈ ಆಸ್ಪತ್ರೆಯಲ್ಲಿ ಅದಕ್ಕೆ ಹಾಸಿಗೆ ಇಲ್ಲ, ಅದಕ್ಕೆ ಕೇಂದ್ರವಿದೆ ಎಂದರು. ಕಾಗದದಲ್ಲಿ ಕಾಯಿಲೆ, ಹಾಸಿಗೆ ಕೊಡುವಾಗ ಚಟ. ಕ್ಷೌರಿಕನಿಗೆ ಇದು ಕೇಳಿಸಿತು, ಆದರೆ ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕುವ ಅಭ್ಯಾಸ ಅವನಿಗಿರಲಿಲ್ಲ. ಕಾಲು ಗಂಟೆಯಲ್ಲಿ ಮಗನದು ಮುಗಿಯಿತು. ಡ್ರೈವರನದು ಅಷ್ಟು ಹೊತ್ತೂ ಹಿಡಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಬ್ಬರನ್ನೂ ಬಿಟ್ಟುಬಿಟ್ಟರು. ಕೈಗೆ ಒಂದೊಂದು ಚೀಟಿ ಕೊಟ್ಟರು. ಅದರ ಮೇಲೆ ಕೇಂದ್ರದ ಫೋನ್ ನಂಬರು ಇತ್ತು.

ಮಗ ಆರು ದಿನ ತಡೆದುಕೊಂಡನು. ಪ್ರತಿದಿನ ಬೆಳಿಗ್ಗೆ ಕ್ಷೌರಿಕನು ಕೇಂದ್ರಕ್ಕೆ ಫೋನ್ ಮಾಡಿದನು. ಕಾಯಿಲೆಯವನೇ ಮಾತಾಡಬೇಕು ಎಂದರು. ಮಗನೇ ಮಾತಾಡಿದನು. ಹಿಂದೆ ಸಾಯಲು ಹೋಗಿದ್ದುಂಟೇ ಎಂದು ಕೇಳಿದರು. ಅವನು ಸುಳ್ಳು ಹೇಳಲಿಲ್ಲ. ಹಾಗಿದ್ದರೆ ಮನಸ್ಸಿನ ಆಸ್ಪತ್ರೆಯಿಂದ ಪತ್ರ ತನ್ನಿ ಎಂದರು. ಪತ್ರ ಕೇಳಲು ಹೋದರೆ, ಬಿಡುಗಡೆಯಾದವರಿಗೆ ನಾವು ಪತ್ರ ಕೊಡುವುದಿಲ್ಲ, ಹೊರರೋಗಿಗಳ ಸಾಲಿನಲ್ಲಿ ಹೆಸರು ಬರೆಸಿ ಎಂದರು. ಆ ಸಾಲಿಗೆ ಏಳು ವಾರ ಕಾಯಬೇಕಾಗಿತ್ತು. ಏಳನೆಯ ದಿನ ಮಗ ಕೆಲಸದಿಂದ ನೇರವಾಗಿ ಮನೆಗೆ ಬರಲಿಲ್ಲ.

ಎಂಟನೆಯ ದಿನ ಡ್ರೈವರ್ ಸತ್ತ ಸುದ್ದಿ ಬಂತು. ಅವನ ಬಾಡಿಗೆ ಕೋಣೆಯ ಮನೆಯೊಡತಿ ಬಾಗಿಲು ತಟ್ಟಿ ತಟ್ಟಿ ಸಾಕಾಗಿ ಬೀಗ ಒಡೆಸಿದ್ದಳು. ಅಂಗಡಿಗೆ ಬಂದ ಗಿರಾಕಿಯೊಬ್ಬ ಆ ಬೀದಿಯವನೇ. ನೊರೆ ಹಚ್ಚಿಸಿಕೊಳ್ಳುತ್ತ ಅದನ್ನು ಹೇಳಿದನು. ಕ್ಷೌರಿಕನು ಬ್ರಷ್ಷು ಕೆಳಗಿಟ್ಟು, ಆ ಗಿರಾಕಿಯನ್ನು ಅರ್ಧ ನೊರೆಯಲ್ಲೇ ಬಿಟ್ಟು, ಹೊರಗೆ ಕಟ್ಟೆಯ ಮೇಲೆ ಕೂತುಬಿಟ್ಟನು.

ಮಾರನೆಯ ದಿನ ಅವನು ಆಸ್ಪತ್ರೆಗೆ ಹೋಗಿ ದೊಡ್ಡ ನರ್ಸನ್ನು ಕಂಡನು. ಬೇರೆ ಯಾರನ್ನು ಕೇಳಬೇಕೆಂದು ಅವನಿಗೆ ಗೊತ್ತಾಗಲಿಲ್ಲ. ಅವಳಿಗೂ ಸುದ್ದಿ ಮುಟ್ಟಿತ್ತು. ಅವಳು ಅತ್ತಿತ್ತ ನೋಡಿ, ಕಡತದ ಒಂದು ಹಾಳೆಯನ್ನು ತೋರಿಸಿದಳು. ಮಂಡಳಿಯ ಮುಂದೆ ಬಂದ ದಿನದ ಟಿಪ್ಪಣಿ ಅದು. ಡ್ರೈವರನ ಹೆಸರಿನ ಕೆಳಗೆ ಬರೆದಿತ್ತು: ಶುಚಿಯಾಗಿದ್ದಾನೆ, ಶಾಂತವಾಗಿದ್ದಾನೆ, ತನ್ನ ಬಗ್ಗೆ ಕಾಳಜಿ ಇಟ್ಟುಕೊಂಡಿದ್ದಾನೆ. ಮಗನ ಹಾಳೆಯಲ್ಲೂ ಅದೇ ಮೂರು ಮಾತು.

“ಗಡ್ಡ ಬೋಳಿಸ್ಕೊಂಡು ತಲೆ ಬಾಚ್ಕೊಂಡು ಬಂದ್ರೆ ಅದನ್ನೇ ಮೊದಲು ಬರೀತಾರೆ ಅಣ್ಣ,” ಎಂದಳು ಅವಳು. “ಮನುಷ್ಯ ತನ್ನನ್ನ ತಾನು ನೋಡ್ಕೊಳ್ತಿದಾನೆ ಅಂತ ಲೆಕ್ಕ. ನನಗೂ ಅವತ್ತು ಹೊಳೀಲಿಲ್ಲ. ಹೊಳೆದಿದ್ರೆ ನಿಮ್ಮ ಕತ್ತಿ ಒಳಗೆ ಬಿಡ್ತಿರಲಿಲ್ಲ.”

ಮತ್ತೂ ಒಂದು ಮಾತು ಹೇಳಿದಳು. ಡ್ರೈವರ್ ಸತ್ತ ಬಗ್ಗೆ ಮೇಲಿನವರು ನಿನ್ನೆ ಸಂಜೆಯೇ ವಿಚಾರಿಸಿದ್ದಾರೆ. ಬರೆದದ್ದೆಲ್ಲ ಕ್ರಮವಾಗಿದೆ, ಯಾರ ತಪ್ಪೂ ಇಲ್ಲ ಎಂದು ಕಡತ ಮುಚ್ಚಿದ್ದಾರೆ.

ಕ್ಷೌರಿಕನು ಮನೆಗೆ ನಡೆದೇ ಬಂದನು. ದಾರಿಯುದ್ದಕ್ಕೂ ತನ್ನ ಬಲಗೈಯನ್ನು ನೋಡಿಕೊಳ್ಳುತ್ತಿದ್ದನು. ಆ ಕೈ ಎಂದೂ ಯಾರ ಚರ್ಮವನ್ನೂ ಗೀರಿರಲಿಲ್ಲ. ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಕೂತಾಗ ಅರ್ಧದಲ್ಲೇ ಮಾತು ನಿಂತುಹೋಯಿತು. ನೀನು ನೋಡುತ್ತಲೇ ಇದ್ದೆಯಲ್ಲ, ಒಂದು ಸಾರಿ ನನ್ನ ಕೈ ನಡುಗಿಸಬಾರದಾಗಿತ್ತೇ ಎಂದು ದೇವರನ್ನು ಕೇಳಿದನು. ಬಹಳ ಹೊತ್ತು ಹಾಗೆಯೇ ಕೂತಿರುವಾಗ ಅವನಿಗೆ ಬೇರೊಂದು ವಿಷಯ ನಿಧಾನವಾಗಿ ತಿಳಿಯುತ್ತ ಬಂತು. ಗಡ್ಡ ಬೋಳಿಸಿದ್ದು ತನ್ನ ತಪ್ಪೇ ಇರಬಹುದು. ಆದರೆ ಒಬ್ಬ ಮನುಷ್ಯನ ಪ್ರಾಣವನ್ನು ಅವನ ಗಲ್ಲ ನೋಡಿ ಅಳೆದವರು ಯಾರು? ಹಿಡಿದಿಡಬಾರದು ಎಂಬ ಕಾನೂನು ಒಳ್ಳೆಯದೇ. ಬೀಗ ಹಾಕಿ ಕೂಡಿಹಾಕುವುದನ್ನು ಅವನೂ ಮೆಚ್ಚುವವನಲ್ಲ. ಆದರೆ ಹೊರಗೆ ಹೋಗುವ ಬಾಗಿಲನ್ನು ಅಷ್ಟು ಮರ್ಯಾದೆಯಿಂದ ತೆರೆದವರು, ಒಳಗೆ ಬರುವ ಒಂದು ಬಾಗಿಲನ್ನಾದರೂ ತೆರೆದಿಡಬೇಡವೇ? ಬಿಡುಗಡೆ ಎಂದು ಹೆಸರಿಟ್ಟು ಬೀದಿಗೆ ತಳ್ಳಿದರಲ್ಲ. ದೇವರ ಮೇಲಿನ ಸಿಟ್ಟು ಆಗ ಮನುಷ್ಯರ ಕಡೆಗೆ ತಿರುಗಿತು.

ಬಾಯಲ್ಲಿ ಆಡಿದ್ದಕ್ಕೆ ಯಾರೂ ಹೊಣೆಯಲ್ಲ, ಬರೆದದ್ದಕ್ಕೆ ಮಾತ್ರ ಹೊಣೆ ಎಂಬುದನ್ನು ಆ ಕಡತ ಅವನಿಗೆ ಕಲಿಸಿತ್ತು.

ಎರಡು ದಿನ ಕಳೆದು ಬೆಳಿಗ್ಗೆ ಮಗ ಹಿತ್ತಿಲಿನಲ್ಲಿ ಕೂತಿದ್ದನು. ಬೆಳಗಾಗುವ ಮೊದಲೇ ಕುಡಿದಿದ್ದನು. ಅಂಗಿಯ ಮೇಲೆ ವಾಂತಿ, ಮುಖದ ತುಂಬ ಗಡ್ಡ. ತಂದೆಯನ್ನು ಕಂಡು ಮೆಲ್ಲಗೆ ಹೇಳಿದನು:

“ಡ್ರೈವರ್ ಮಾವ ಹೋದ ಕಡೆಗೆ ನಾನೂ ಹೋಗ್ತೀನಪ್ಪ. ನಿಮಗೂ ಸಾಕಾಗಿದೆ, ನನಗೂ ಸಾಕಾಗಿದೆ.”

ಕ್ಷೌರಿಕನು ಅವನನ್ನು ಎಬ್ಬಿಸಿ ಹೆಗಲಿಗೆ ಒರಗಿಸಿಕೊಂಡನು. ಅವನ ಹೆಂಡತಿ ಒದ್ದೆ ಬಟ್ಟೆ ಹಿಡಿದುಕೊಂಡು ಓಡಿಬಂದಳು.

“ರೀ, ಮುಖಾನಾದ್ರೂ ಒರೆಸ್ತೀನಿ ಇರಿ. ಬೇರೆ ಅಂಗಿ ತರ್ತೀನಿ. ಹೀಗೆ ಕರ್ಕೊಂಡ್ ಹೋದ್ರೆ ನೋಡಿದವರು ಏನಂದಾರು?”

“ಬೇಡ ಕಣೇ,” ಎಂದನು ಅವನು. “ಹೋದ ಸಲ ನಾವು ಒಪ್ಪ ಮಾಡಿದ ಮಗನನ್ನ ನೋಡಿದ್ರು. ಈ ಸಲ ಇರೋ ಮಗನನ್ನ ನೋಡ್ಲಿ.”

ಅವಳು ಬಟ್ಟೆಯನ್ನು ಕೈಯಲ್ಲಿ ಹಿಂಡುತ್ತ ನಿಂತಳು. ಆಮೇಲೆ ಬಾಗಿಲು ಎಳೆದುಕೊಂಡು ತಾನೂ ಹೊರಟಳು.

ಆಸ್ಪತ್ರೆಯಲ್ಲಿ ಅವತ್ತು ಕರ್ತವ್ಯದಲ್ಲಿದ್ದವನು ಒಬ್ಬ ಎಳೆಯ ವೈದ್ಯ. ಕಣ್ಣಿನ ಸುತ್ತ ನಿದ್ದೆಗೆಟ್ಟ ಕಪ್ಪು. ಕೆಟ್ಟವನಲ್ಲ. ಮಗನ ನಾಡಿ ನೋಡಿದನು, ಉಸಿರಿನ ವಾಸನೆ ನೋಡಿದನು, ಪೆನ್ನನ್ನು ಜೇಬಿಗೆ ಸಿಕ್ಕಿಸಿದನು.

“ಕುಡಿದಿರೋವಾಗ ಮನಸ್ಸಿನ ಪರೀಕ್ಷೆ ಮಾಡೋಕೆ ಬರಲ್ಲ, ಯಜಮಾನ್ರೇ. ಇಳಿದ ಮೇಲೆ ಕರ್ಕೊಂಡ್ ಬನ್ನಿ.”

“ಇಳಿದಾಗಲೂ ಇಲ್ಲೇ ಇದ್ದ, ಡಾಕ್ಟ್ರೇ. ಆಗ ಸರಿಯಾಗಿದ್ದಾನೆ ಅಂತ ಕಳಿಸಿದ್ರಿ. ಕುಡಿದ್ರೆ ನೋಡಲ್ಲ, ಕುಡೀದಿದ್ರೆ ಇಟ್ಕೊಳ್ಳಲ್ಲ. ನನ್ನ ಮಗ ಯಾವ ಹೊತ್ತಲ್ಲಿ ಕಾಯಿಲೆಯವನಾಗಬೇಕು ಹೇಳಿ, ಆ ಹೊತ್ತಿಗೇ ಕರ್ಕೊಂಡ್ ಬರ್ತೀನಿ.”

ವೈದ್ಯನು ಒಳಗೆ ಹೋದನು. ಅಷ್ಟರಲ್ಲಿ ದೊಡ್ಡ ನರ್ಸು ಕ್ಷೌರಿಕನನ್ನು ಕಂಬದ ಮರೆಗೆ ಕರೆದು ಉಪಾಯ ಹೇಳಿಕೊಟ್ಟಳು. ಮೆಟ್ಟಿಲಿಂದ ಬಿದ್ದು ತಲೆಗೆ ಪೆಟ್ಟಾಗಿದೆ ಎಂದುಬಿಡಿ, ಪಕ್ಕದ ದೊಡ್ಡಾಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಂಡು ನೋಡಲೇಬೇಕಾಗುತ್ತದೆ, ಅಷ್ಟು ಹೊತ್ತಾದರೂ ಜೀವ ಉಳಿಯುತ್ತದೆ, ಎಷ್ಟೋ ಜನಕ್ಕೆ ಹೀಗೆಯೇ ಮಾಡಿಸಿದ್ದೇನೆ ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಹೆಂಡತಿಯೂ ಅವನ ತೋಳು ಹಿಡಿದು, ಹಾಗೇ ಅನ್ನಿ ರೀ ಎಂದಳು.

ಕ್ಷೌರಿಕನಿಗೆ ಕಣ್ಣು ತುಂಬಿಬಂತು. ಸುಳ್ಳು ಹೇಳಿದವನಲ್ಲ ಎಂಬ ಜಂಬ ಅವನಿಗಿರಲಿಲ್ಲ. ಮಗನ ಜೀವಕ್ಕಾಗಿ ಹತ್ತು ಸುಳ್ಳು ಹೇಳಿ ಅದರ ಪಾಪವನ್ನು ತಾನೇ ಹೊರಲು ಅವನು ಸಿದ್ಧ. ಆದರೆ ಅಷ್ಟು ದೊಡ್ಡ ಕಟ್ಟಡದಲ್ಲಿ, ಅಷ್ಟು ದಪ್ಪದ ಕಾನೂನಿನ ಕೆಳಗೆ, ತಾಯಿತಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಜಾಗವಿಲ್ಲ, ಇಲ್ಲದ ಪೆಟ್ಟಿನ ಕಥೆ ಕಟ್ಟಿದರೆ ಜಾಗವಿದೆ. ತಲೆಯ ಪೆಟ್ಟಿಗೆ ಒಂದು ದಿನ ಸಿಕ್ಕೀತು. ಮಗನಿಗೆ ಆಗಿರುವ ಪೆಟ್ಟು ತಲೆಯ ಹೊರಗಿನದಲ್ಲ. ನಾಳೆ ಬೆಳಿಗ್ಗೆ ಮತ್ತೆ ಇದೇ ಕಂಬದ ಮರೆಯಲ್ಲಿ ನಿಂತು ಹೊಸ ಸುಳ್ಳು ಹುಡುಕಬೇಕು.

ಅವನು ಬೇಡವೆಂದು ತಲೆಯಾಡಿಸಿ ನೇರವಾಗಿ ವೈದ್ಯನ ಕೋಣೆಗೆ ಹೋದನು. ಮೇಜಿನ ಮೇಲಿದ್ದ ಒಂದು ಖಾಲಿ ಹಾಳೆಯನ್ನು ವೈದ್ಯನ ಮುಂದಕ್ಕೆ ಸರಿಸಿದನು.

“ಇವನು ಸಾಯ್ತೀನಿ ಅಂತ ಹೇಳ್ತಿದಾನೆ. ನಾನು ಹೇಳಿದೀನಿ, ಅವನೂ ನಿಮ್ಮ ಮುಂದೆ ಹೇಳ್ತಾನೆ. ಆದ್ರೂ ಒಳಗೆ ಸೇರಿಸ್ಕೊಳ್ಳಲ್ಲ ಅಂತ ಬರೆದು ಸಹಿ ಹಾಕಿ. ಯಾಕೆ ಸೇರಿಸ್ಕೊಳ್ಳಲ್ಲ ಅನ್ನೋದನ್ನೂ ಬರೀರಿ. ನಾನು ಎದ್ದು ಹೋಗ್ತೀನಿ.”

ಹಾಗೆಲ್ಲ ಬರೆದುಕೊಡುವ ಪದ್ಧತಿ ಇಲ್ಲ ಎಂದನು ವೈದ್ಯ. ತಾನು ಮೇಲಿನವರ ನಿಯಮದಂತೆ ನಡೆಯುವವನು, ತನ್ನ ಮೇಲೆ ಸಿಟ್ಟಾಗಿ ಫಲವಿಲ್ಲ ಎಂದೂ ಹೇಳಿದನು.

“ಸಿಟ್ಟು ನಿಮ್ಮ ಮೇಲಲ್ಲಪ್ಪ. ನೀವು ಬಾಯಲ್ಲಿ ಹೇಳ್ತಿರೋದು ಸರಿ ಇದ್ರೆ ಕಾಗದದ ಮೇಲೂ ಸರಿ ಇರುತ್ತೆ. ಬರೀರಿ.”

ಹೊರಗಿನ ಬೆಂಚಿನಿಂದ ಮಗನ ದನಿ ಕೇಳಿಸುತ್ತಿತ್ತು. ಯಾರನ್ನೋ ಮಾವ, ಮಾವ ಎಂದು ಕರೆಯುತ್ತಿದ್ದನು. ತಾಯಿ ಅವನ ತಲೆಯನ್ನು ಮಡಿಲಿಗೆ ಒತ್ತಿಕೊಂಡಿದ್ದಳು. ವೈದ್ಯನು ಆ ಕಡೆ ನೋಡಿದನು. ಪೆನ್ನು ತೆಗೆದು ಬರೆಯತೊಡಗಿದನು. ಬರೆಯುವಾಗ ಗಟ್ಟಿಯಾಗಿ ಓದುವ ಅಭ್ಯಾಸ ಅವನಿಗಿತ್ತೆಂದು ತೋರುತ್ತದೆ. ರೋಗಿಯು ಸಾಯುವ ಮಾತಾಡುತ್ತಿದ್ದಾನೆ. ಹಿಂದೆ ಒಮ್ಮೆ ಪ್ರಯತ್ನಿಸಿದ್ದಾನೆ. ಕಾನೂನಿನ ಪ್ರಕಾರ ಅವನ ಕುಡಿತವೂ ಮನಸ್ಸಿನ ಕಾಯಿಲೆಯೇ. ಆದರೂ ಅವನನ್ನು ಹಿಂದಕ್ಕೆ ಕಳಿಸಲಾಗಿದೆ, ಕಾರಣ ಏನೆಂದರೆ.

ಅಲ್ಲಿಗೆ ಪೆನ್ನು ನಿಂತಿತು. ವೈದ್ಯನು ಮೊದಲಿನಿಂದ ಒಮ್ಮೆ ಓದಿಕೊಂಡನು. ಮತ್ತೊಮ್ಮೆ ಓದಿಕೊಂಡನು. ಅವನ ಕಿವಿ ಕೆಂಪಾಯಿತು. ಹಾಳೆಯನ್ನು ಅಲ್ಲೇ ಬಿಟ್ಟು ಎದ್ದು, ಪಕ್ಕದ ಕೋಣೆಗೆ ಹೋಗಿ ಯಾರೊಂದಿಗೋ ಬಹಳ ಹೊತ್ತು ಮಾತಾಡಿದನು. ನೀವೇ ಬಂದು ಸಹಿ ಹಾಕಿ ಸಾರ್, ನನ್ನಿಂದ ಆಗುವುದಿಲ್ಲ ಎಂಬ ಮಾತು ಮಾತ್ರ ಗೋಡೆಯಾಚೆಯಿಂದ ಸ್ಪಷ್ಟವಾಗಿ ಕೇಳಿಸಿತು.

ಹಿಂತಿರುಗಿ ಬಂದು, ಹಾಸಿಗೆ ಸಿಕ್ಕಿದೆ, ಹದಿನಾಲ್ಕು ದಿನ ಎಂದನು.

ದೊಡ್ಡ ನರ್ಸು ಮಗನನ್ನು ಒಳಗೆ ನಡೆಸಿಕೊಂಡು ಹೋದಳು. ವಾರ್ಡಿನ ಕೊನೆಯ ಕೋಣೆಯಲ್ಲಿ ಮಂಚವೊಂದು ಹೊದಿಕೆಯಿಲ್ಲದೆ, ಮೆತ್ತೆ ಮಡಚಿದ ಹಾಗೆಯೇ ಇತ್ತು. ಮೆತ್ತೆಯ ಮಡಿಕೆಯಲ್ಲಿ ಧೂಳು ಕೂತಿತ್ತು. ಇವತ್ತು ಖಾಲಿಯಾದದ್ದಲ್ಲ ಎಂದು ನೋಡಿದರೆ ತಿಳಿಯುವಂತಿತ್ತು. ಕ್ಷೌರಿಕನು ಆ ಧೂಳಿನ ಮೇಲೆ ಬೆರಳಾಡಿಸಿ ನೋಡಿ, ನರ್ಸಿನ ಮುಖ ನೋಡಿದನು. ಅವಳು ಹೊದಿಕೆ ಕೊಡವುತ್ತ ತಲೆ ತಗ್ಗಿಸಿದಳು. ಮಗ ಬೂಟು ಸಹಿತ ಮಲಗಿಬಿಟ್ಟನು. ತಾಯಿ ಬೂಟು ಬಿಚ್ಚತೊಡಗಿದಳು.

ಡಾಕ್ಟರಿಗೆ ಕೈಮುಗಿದು ಬನ್ನಿ ಎಂದು ಅವಳು ಗಂಡನಿಗೆ ಹೇಳಿದಳು. ಅವನು ಹೋದನು. ಕೈಮುಗಿಯಲಿಲ್ಲ. ಅರ್ಧ ಬರೆದ ಹಾಳೆ ಇನ್ನೂ ಮೇಜಿನ ಮೇಲಿತ್ತು. ಅದರ ಎದುರಿನ ಕುರ್ಚಿಯನ್ನು ಎಳೆದುಕೊಂಡು ಕೂತನು.

“ಹದಿನಾಲ್ಕು ದಿನ ಆದ್ಮೇಲೆ ಎಲ್ಲಿಗೆ, ಡಾಕ್ಟ್ರೇ?”

ಆಮೇಲೆ ಕೇಂದ್ರಕ್ಕೆ ಎಂದನು ವೈದ್ಯ. ಸಾಯುವ ಮಾತಾಡಿದವನನ್ನು ಅವರು ತೆಗೆದುಕೊಳ್ಳುವುದಿಲ್ಲವೆಂದು ಕ್ಷೌರಿಕನು ನೆನಪಿಸಿದನು. ನಿಮ್ಮ ಪತ್ರ ಬೇಕಂತೆ, ನೀವು ಕೊಡುವುದಿಲ್ಲವಂತೆ, ನಾನು ನಡುವೆ ಮೂರು ವರ್ಷ ಓಡಾಡಿದ್ದೇನೆ, ಇನ್ನು ನಿಮ್ಮ ನಿಮ್ಮಲ್ಲೇ ಮಾತಾಡಿಕೊಳ್ಳಿ ಎಂದನು. ಯಾವಾಗ ಎಂದು ಕೇಳಿದನು ವೈದ್ಯ.

“ಈಗಲೇ. ನಾನು ಕೂತಿರ್ತೀನಿ.”

ವೈದ್ಯನು ಫೋನ್ ಎತ್ತಿ ಕೇಂದ್ರದ ನಂಬರು ಒತ್ತಿ, ತಾನು ಯಾರೆಂದು ಹೇಳಿ, ರೋಗಿಯ ವಿಷಯ ತೆಗೆದನು. ಅತ್ತ ಕಡೆಯಿಂದ ಏನೋ ಹೇಳಿದರು. ಅವನು ಹಣೆ ಒತ್ತಿಕೊಂಡನು.

“ಇಲ್ಲ, ನಾಳೆ ಮಾಡಲ್ಲ,” ಎಂದನು. “ಇವತ್ತೇ ಹೇಳಿ. ಅವರ ತಂದೆ ನನ್ನ ಎದುರಿಗೇ ಕೂತಿದಾರೆ.”